ಹಬ್ಬಕ್ಕೂ ಸೇವೆಗೂ ಒಂದೇ ಪುಸ್ತಕ: ಧರ್ಮಕೇಂದ್ರದ ಕ್ರಿಸ್ಮಸ್ ತಯಾರಿ ಹೀಗಿರಲಿ

ಡಿಸೆಂಬರ್ 20ರ ಹೊತ್ತಿಗೆ ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್) ಕಚೇರಿಗೆ ಹೋಗಿ ನೋಡಿ. ಒಂದು ಮೇಜಿನ ಸುತ್ತ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ದೀಪಾಲಂಕಾರ, ಕ್ಯಾರಲ್ ಹಾಡುಗಳ ಮಾತು. ಮೂಲೆಯ ಇನ್ನೊಂದು ಮೇಜಿನಲ್ಲಿ ಬಡ ಕುಟುಂಬಗಳಿಗೆ ಕೊಡುವ ಚೀಲಗಳ ಲೆಕ್ಕ. ಮೊದಲ ಮೇಜಿನಲ್ಲಿ ಜನ ಜಾಸ್ತಿ, ಎರಡನೆಯದರಲ್ಲಿ ಅವಸರ ಜಾಸ್ತಿ. ಆಚರಣೆ ಒಂದು ಸಮಿತಿಗೆ, ದಾನ ಇನ್ನೊಂದಕ್ಕೆ ಎಂದು ಭಾಗ ಮಾಡಿದ ಕೂಡಲೇ ದಾನವು ಹಬ್ಬದ ಬಾಲಂಗೋಚಿಯಾಗಿಬಿಡುತ್ತದೆ. ಎರಡನ್ನೂ ಒಂದೇ ಸಮಿತಿ, ಒಂದೇ ಪುಸ್ತಕ, ಒಂದೇ ದಿನಪಟ್ಟಿಯಡಿ ತಂದರೆ ಕೆಲಸವೂ ಹಗುರ, ಸೇವೆಗೂ ಮರ್ಯಾದೆ. ಹೊಸದಾಗಿ ಪಾಲನಾ ಸಮಿತಿಗೆ ಬಂದವರು, ಯುವಕರ ಸಂಘದ ಮುಂದಾಳುಗಳು, ಗುರುಗಳು (ಪಾದ್ರಿಗಳು) ಕರೆದು ಜವಾಬ್ದಾರಿ ಒಪ್ಪಿಸಿದ ಮೇಲೆ ಏನು ಮಾಡುವುದೆಂದು ತಲೆ ಕೆರೆದುಕೊಳ್ಳುತ್ತಿರುವವರು ಇದನ್ನು ಓದಲಿ.

ಕೆಲಸ ಶುರು ಮಾಡುವುದು ಯಾವಾಗ?

ನವೆಂಬರ್ ಮಧ್ಯದಲ್ಲಿ. ಇದಕ್ಕೆ ಧರ್ಮಸಭೆಯ ಪಂಚಾಂಗದಲ್ಲೇ ಒಂದು ದಿನ ಇದೆ. ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಘೋಷಿಸಿದ 'ಬಡವರ ವಿಶ್ವ ದಿನ' ಮೊದಲ ಬಾರಿ ಆಚರಣೆಗೆ ಬಂದದ್ದು 2017ರ ನವೆಂಬರ್ 19ರಂದು. ಸಾಧಾರಣ ಕಾಲದ (ದೊಡ್ಡ ಹಬ್ಬದ ಕಾಲಗಳನ್ನು ಬಿಟ್ಟು ಉಳಿದ ವಾರಗಳ) 33ನೇ ಭಾನುವಾರ, ಅಂದರೆ ಕ್ರಿಸ್ಮಸ್ಸಿಗೆ ಅಣಿಯಾಗುವ ಆಗಮನ ಕಾಲ ಶುರುವಾಗಲು ಸರಿಯಾಗಿ ಎರಡು ವಾರ ಇರುವಾಗ ಅದು ಬರುತ್ತದೆ. ಆ ಭಾನುವಾರದ ಬಲಿಪೂಜೆ (ಮಾಸ್) ಮುಗಿದ ಮೇಲೆ ಮೊದಲ ಸಭೆ ಸೇರಿಸಿ.

ಸಭೆಗೆ ಯಾರ್ಯಾರು ಬೇಕು? ಧರ್ಮಕೇಂದ್ರದ ಗುರುಗಳು, ಗಾನವೃಂದದಿಂದ ಒಬ್ಬರು, ಯುವಕರು, ಮಹಿಳಾ ಸಂಘ, ಹಣಕಾಸು ಸಮಿತಿಯಿಂದ ಒಬ್ಬರು, ಬಡವರ ಸೇವೆಗಿರುವ ವಿನ್ಸೆಂಟ್ ದೆ ಪಾಲ್ ಸಭೆ ಇದ್ದರೆ ಅದರ ಸದಸ್ಯರು. ಇವರಲ್ಲದೆ ಇನ್ನೊಬ್ಬರನ್ನು ಕರೆಯುವುದು ಬಹಳ ಸಮಿತಿಗಳಿಗೆ ಹೊಳೆಯುವುದೇ ಇಲ್ಲ. ಹಿಂದಿನ ವರ್ಷ ಸಹಾಯ ಪಡೆದ ಮನೆಯವರೊಬ್ಬರು, ಅವರಿಗೆ ಒಪ್ಪಿಗೆ ಇದ್ದರೆ ಮಾತ್ರ, ಜೊತೆಗೆ ಕೂರಲಿ. ಚೀಲ ಯಾವ ಹೊತ್ತಿಗೆ ಬಂದರೆ ಅನುಕೂಲ, ಯಾವ ಸಾಮಾನು ಬಳಕೆಗೆ ಬರದೆ ಮೂಲೆ ಸೇರಿತು ಎಂಬುದನ್ನು ಅವರ ಹಾಗೆ ಬೇರೆ ಯಾರೂ ಹೇಳಲಾರರು.

ಒಂದು ದಪ್ಪ ನೋಟ್‌ಬುಕ್ ತೆರೆಯಿರಿ. ಗೋದಲಿಯ ಬಲ್ಬಿನ ಖರ್ಚು, ದಾನದ ಜಮೆ, ಕ್ಯಾರಲ್ ತಂಡ ಹೋಗುವ ದಿನ, ಎಲ್ಲವೂ ಅದರಲ್ಲೇ. ಅಲಂಕಾರಕ್ಕೆಷ್ಟು, ಸೇವೆಗೆಷ್ಟು ಎಂಬುದು ಎದುರುಬದುರು ಪುಟದಲ್ಲಿ ಕಂಡಾಗ ಯಾರೂ ಉಪದೇಶ ಮಾಡಬೇಕಾಗಿಲ್ಲ, ಸಮಿತಿಯೇ ತಕ್ಕಡಿ ಸರಿ ಮಾಡಿಕೊಳ್ಳುತ್ತದೆ.

ಯಾರಿಗೆ ಕೊಡಬೇಕು: ಪಟ್ಟಿಯ ಕೆಲಸ

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದು. ಇದಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ.

ಹಂಚಿಕೆಯಲ್ಲಿ ತಾರತಮ್ಯ ಎಂಬ ದೂರು ಧರ್ಮಸಭೆಯಷ್ಟೇ ಹಳೆಯದು. ಬೈಬಲಿನಲ್ಲಿ ಪ್ರೇಷಿತರ (ಯೇಸುವಿನ ಆಪ್ತ ಶಿಷ್ಯರ) ಕಾರ್ಯಕಲಾಪಗಳ 6ನೇ ಅಧ್ಯಾಯ ತೆರೆದು ನೋಡಿ: ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತಾಡುವವರು ಗೊಣಗಿದರು. ಪ್ರೇಷಿತರು ಗೊಣಗಿದವರನ್ನು ಗದರಲಿಲ್ಲ. ಒಳ್ಳೆಯ ಹೆಸರಿದ್ದ ಏಳು ಜನರನ್ನು ಸಮುದಾಯದವರೇ ಆರಿಸುವಂತೆ ಹೇಳಿ, ಅವರನ್ನು ಆ ಕೆಲಸಕ್ಕೇ ನೇಮಿಸಿದರು. ನೀವೂ ಅಷ್ಟೇ ಮಾಡಿ. ಪಟ್ಟಿಯನ್ನು ಒಬ್ಬರ ಕೈಗೆ ಬಿಡಬೇಡಿ, ಹತ್ತು ಜನರ ನಾಲಿಗೆಗೂ ಬಿಡಬೇಡಿ. ಮೂರು ಜನ ಸಾಕು, ಬಾಯಿ ಬಿಗಿ ಇರುವವರು.

ಕಳೆದ ವರ್ಷದ ಪಟ್ಟಿಯ ನಕಲು ತೆಗೆದು ಕೆಲಸ ಮುಗಿಸುವುದು ಸುಲಭ, ಆದರೆ ವರ್ಷದೊಳಗೆ ಮನೆಗಳ ಸ್ಥಿತಿ ಬದಲಾಗಿರುತ್ತದೆ. ಈ ವರ್ಷ ಸಾವು ಕಂಡ ಮನೆಗಳು, ಕೆಲಸ ಕಳೆದುಕೊಂಡವರು, ಹಾಸಿಗೆ ಹಿಡಿದವರು, ಅವರನ್ನು ನೋಡಿಕೊಂಡು ಹೊರಗೆ ಕಾಲಿಡಲಾಗದವರು, ಬೇರೆ ಊರಿನಿಂದ ದುಡಿಯಲು ಬಂದು ಒಂಟಿಯಾಗಿ ಇರುವವರು, ಸೆರೆಮನೆಯಲ್ಲಿ ಇರುವವರ ಹೆಂಡತಿ ಮಕ್ಕಳು: ಈ ಕ್ರಮದಲ್ಲಿ ವಾರ್ಡು ವಾರ್ಡಿಗೂ ವಿಚಾರಿಸಿ. ಕಥೋಲಿಕರಲ್ಲದ ನೆರೆಯವರನ್ನು ಬಿಡಬೇಡಿ. ಹಬ್ಬ ಧರ್ಮಕೇಂದ್ರದ್ದಾದರೂ ಹಸಿವಿಗೆ ಜ್ಞಾನಸ್ನಾನದ (ಬ್ಯಾಪ್ಟಿಸಂ) ದಾಖಲೆ ಕೇಳುವುದು ಸರಿಯಲ್ಲ. ದುಡ್ಡಿನ ಕೊರತೆ ಇಲ್ಲದ ಮನೆಗಳೂ ಪಟ್ಟಿಗೆ ಬರಬಹುದು. ಮಕ್ಕಳೆಲ್ಲ ದೂರ ಇರುವ ವಯಸ್ಸಾದ ದಂಪತಿಗೆ ಬೇಕಾದದ್ದು ಚೀಲವಲ್ಲ, ಹಬ್ಬದ ದಿನ ಮಾತಾಡಿಸಲು ಬರುವ ಇಬ್ಬರು.

ಆಮೇಲೆ ಮನೆಭೇಟಿ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ವಿನ್ಸೆಂಟ್ ದೆ ಪಾಲ್ ಸಭೆ ಕಟ್ಟಿದಾಗ, ಬಡವರ ಮನೆಗೆ ಹೇಗೆ ಹೋಗಬೇಕು ಎಂಬುದನ್ನು ಆ ಹುಡುಗರಿಗೆ ಕಲಿಸಿದ್ದು ಅಲ್ಲಿನ ಬಡವರ ನಡುವೆ ಸೇವೆ ಮಾಡುತ್ತಿದ್ದ ಸಿಸ್ಟರ್ ರೊಸಾಲಿ ರೆಂದು. ಇಬ್ಬಿಬ್ಬರಾಗಿ ಮನೆಗೆ ಹೋಗಿ ಕುಳಿತು ಮಾತಾಡಿಸುವ ಆ ಪದ್ಧತಿಗಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಮೊದಲ ಭೇಟಿಗೆ ಬರಿಗೈಯಲ್ಲೇ ಹೋಗಿ, ಫಾರ್ಮ್ ಹಿಡಿದುಕೊಂಡಂತೂ ಹೋಗಲೇಬೇಡಿ. "ನಿಮಗೆ ಏನು ಕಷ್ಟ?" ಎಂದು ಕೇಳಿದರೆ ಹೆಚ್ಚಿನವರು "ಏನಿಲ್ಲ, ದೇವರು ನಡೆಸುತ್ತಾನೆ" ಎಂದುಬಿಡುತ್ತಾರೆ. "ಈ ಹಬ್ಬಕ್ಕೆ ಮನೆಗೆ ಯಾರು ಬರ್ತಾರೆ, ಏನೇನು ಮಾಡಬೇಕು ಅಂತಿದ್ದೀರಿ?" ಎಂದು ಕೇಳಿ ನೋಡಿ, ಮಾತು ತಾನಾಗಿ ಹೊರಬರುತ್ತದೆ. ಬರೆದುಕೊಳ್ಳುವುದೇನಿದ್ದರೂ ಹೊರಗೆ ಬಂದ ಮೇಲೆ. ಪಟ್ಟಿಯಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ. ಯಾವ ಸಂಖ್ಯೆ ಯಾರದ್ದೆಂಬ ಚೀಟಿ ಗುರುಗಳ ಬಳಿ ಮಾತ್ರ ಇರಲಿ.

ಆಗಮನ ಕಾಲದ ಭಾನುವಾರಗಳಿಗೆ ಒಂದೊಂದು ಕೆಲಸ

ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. ಭಾನುವಾರಗಳು ನಾಲ್ಕೇ ಆದರೂ ದಿನಗಳು ಪ್ರತಿವರ್ಷ ಒಂದೇ ಅಲ್ಲ, 22ರಿಂದ 28ರವರೆಗೆ ಹಿಗ್ಗುತ್ತವೆ, ಕುಗ್ಗುತ್ತವೆ. 2023ರಲ್ಲಿ ಕ್ರಿಸ್ಮಸ್ ಸೋಮವಾರ ಬಂದಿದ್ದರಿಂದ ನಾಲ್ಕನೇ ಭಾನುವಾರವೇ ಡಿಸೆಂಬರ್ 24 ಆಗಿತ್ತು. ಅಂಥ ವರ್ಷದಲ್ಲಿ "ಕೊನೇ ವಾರ ಮಾಡೋಣ" ಎಂದು ಮುಂದೂಡಿದ ಕೆಲಸಕ್ಕೆ ವಾರವೇ ಸಿಗುವುದಿಲ್ಲ. ಹಾಗಾಗಿ ಮೊದಲು ಕ್ಯಾಲೆಂಡರ್ ನೋಡಿ, ಆಮೇಲೆ ಕೆಲಸ ಹಂಚಿ.

ಮೊದಲ ಭಾನುವಾರ ಬಲಿಪೂಜೆಯಲ್ಲಿ ಆಗಮನ ಮಾಲೆಯ (ವಾರಕ್ಕೊಂದರಂತೆ ಮೇಣದಬತ್ತಿ ಹಚ್ಚುವ ಹಸಿರೆಲೆಯ ಬಳೆಯ) ಮೊದಲ ಮೇಣದಬತ್ತಿ ಹಚ್ಚುವಾಗ ಸೇವಾ ಯೋಜನೆಯನ್ನೂ ಪ್ರಕಟಿಸಿ. ಎರಡಕ್ಕೂ ನಂಟಿದೆ. ಈ ಮಾಲೆಯ ಈಗಿನ ರೂಪ ಹುಟ್ಟಿದ್ದು 1839ರಲ್ಲಿ, ಹ್ಯಾಂಬರ್ಗಿನಲ್ಲಿ ಬಡ ಮಕ್ಕಳಿಗಾಗಿ ನಡೆಸುತ್ತಿದ್ದ ಒಂದು ಆಶ್ರಯಧಾಮದಲ್ಲಿ. ಅದನ್ನು ನಡೆಸುತ್ತಿದ್ದ ಯೊಹಾನ್ ಹಿನ್ರಿಕ್ ವಿಕರ್ನ್ ಎಂಬ ಲೂಥರನ್ ಪಾದ್ರಿ, ಹಬ್ಬ ಯಾವಾಗ ಎಂದು ದಿನಾ ಕೇಳುವ ಮಕ್ಕಳಿಗೆ ದಿನ ಎಣಿಸಲೆಂದು ಹಳೆಯ ಗಾಡಿಚಕ್ರದ ಮೇಲೆ ಮೇಣದಬತ್ತಿ ಜೋಡಿಸಿದರಂತೆ. ಗುರುಗಳು ಇದನ್ನು ಎರಡು ಮಾತಿನಲ್ಲಿ ಹೇಳಿದರೂ ಸಾಕು, ಮಾಲೆ ಬರೀ ಅಲಂಕಾರವಾಗಿ ಉಳಿಯುವುದಿಲ್ಲ.

ಹಣದ ಸಂಗ್ರಹವನ್ನು ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಗಳಿಕೆಗೆ ತಕ್ಕಂತೆ ಸ್ವಲ್ಪ ತೆಗೆದಿಡಲಿ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು (ಮೊದಲ ಪತ್ರ, 16:2) ಇಂಥ ಸಂಗ್ರಹದ ಬಗ್ಗೆಯೇ. ಮನೆಮನೆಗೆ ಪುಟ್ಟ ಲಕೋಟೆ ಕೊಟ್ಟು, ನಾಲ್ಕು ವಾರ ತುಂಬಿಸಿ ತರಲು ಹೇಳಿ. ಲಕೋಟೆಯ ಮೇಲೆ ಹೆಸರು ಬೇಡ. ಕೈಯಲ್ಲಿ ಏನೂ ಇಲ್ಲದವರು ಖಾಲಿ ಲಕೋಟೆ ಹಾಕಿದರೂ ಯಾರಿಗೂ ತಿಳಿಯಬಾರದು.

ಮೂರನೇ ಭಾನುವಾರ ಗುರುಗಳು ನೇರಳೆಯ ಬದಲು ಗುಲಾಬಿ ಬಣ್ಣದ ವಸ್ತ್ರ ತೊಡುವ ಹರ್ಷದ ಭಾನುವಾರ. ಮೂರು ವರ್ಷಕ್ಕೊಮ್ಮೆ, ಬೈಬಲ್ ವಾಚನಗಳ ಸರದಿಯ 'ಸಿ' ವರ್ಷದಲ್ಲಿ, ಅಂದು ಓದುವ ಶುಭಸಂದೇಶದಲ್ಲಿ ಸ್ನಾನಿಕ ಯೊವಾನ್ನರು ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ ಎನ್ನುತ್ತಾರೆ (ಲೂಕ 3:11). ಬಟ್ಟೆ, ಆಟಿಕೆ, ದಿನಸಿ ತಂದೊಪ್ಪಿಸಲು ಅದೇ ಕೊನೆಯ ದಿನ ಎಂದು ಗೊತ್ತು ಮಾಡಿ. ಆಮೇಲೆ ಬಂದದ್ದನ್ನು ತಿರಸ್ಕರಿಸಬೇಕಿಲ್ಲ, ಜನವರಿಗೆ ಎತ್ತಿಡಿ.

ಬಂದ ಸಾಮಾನು, ಬಂದ ಹಣ

ಸಾಮಾನು ವಿಂಗಡಿಸುವ ಕೆಲಸಕ್ಕೆ ಕಣ್ಣು ಚುರುಕಾಗಿರುವ ಇಬ್ಬರನ್ನು ಹಾಕಿ. ಜಿಪ್ ಕಿತ್ತ ಚೀಲ, ಕಾಲರು ಸವೆದ ಅಂಗಿ, ಒಂದು ತುಂಡು ಕಡಿಮೆ ಇರುವ ಜೋಡಣೆಯ ಆಟ, ಯಾರದ್ದೋ ಮದುವೆಯ ತಾರೀಖು ಕೆತ್ತಿದ ಲೋಟ, ಎಲ್ಲವೂ ಬರುತ್ತವೆ. ಮನೆ ಖಾಲಿ ಮಾಡಿಕೊಳ್ಳಲೂ ಕೆಲವರಿಗೆ ಇದು ಸುಗ್ಗಿ. ಅಳತೆಗೋಲು ಸರಳ: ನಿಮ್ಮ ಮನೆಯ ಮಗುವಿಗೆ ಕೊಡಲು ಹಿಂಜರಿಯುವ ವಸ್ತು ಬೇರೆ ಮಗುವಿಗೂ ಬೇಡ. ಜನರಿಗೆ ಮುಜುಗರವಾಗದಿರಲಿ ಎಂದರೆ ಏನು ಬೇಕೆಂಬುದನ್ನು ಮೊದಲೇ ಬರೆದು ಹಾಕಿ. ಮನೆಭೇಟಿಯಲ್ಲಿ ತಿಳಿದದ್ದನ್ನು ಚೀಟಿ ಮಾಡಿ ("ಎಂಟು ವರ್ಷದ ಹುಡುಗಿ, ಬಣ್ಣ ಹಾಕುವುದೆಂದರೆ ಇಷ್ಟ") ಕ್ರಿಸ್ಮಸ್ ಮರಕ್ಕೆ ತೂಗುಹಾಕಿದರೆ, ಒಬ್ಬೊಬ್ಬರು ಒಂದೊಂದು ಚೀಟಿ ಒಯ್ಯುತ್ತಾರೆ. ಯಾವ ಚೀಟಿ ಹೋಯಿತು, ಯಾವುದು ವಾಪಸು ಬಂತು ಎಂದು ಪುಸ್ತಕದಲ್ಲಿ ಗುರುತು ಹಾಕಿ. ಬಾರದೇ ಉಳಿದವುಗಳಿಗೆ ತೆಗೆದಿಟ್ಟ ಹಣ ಇರಬೇಕು. ಅಣ್ಣನಿಗೆ ಉಡುಗೊರೆ ಬಂದು ತಂಗಿಗೆ ಬಾರದ ಮನೆಯಲ್ಲಿ ಹಬ್ಬ ಹೇಗಿದ್ದೀತು?

ಹಣದ ವಿಷಯದಲ್ಲಿ ಧರ್ಮಸಭೆಯ ಕಾನೂನು ಸಂಹಿತೆ ಖಡಾಖಂಡಿತವಾಗಿದೆ. ಒಂದು ಉದ್ದೇಶಕ್ಕೆಂದು ಭಕ್ತರು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು (1267ನೇ ವಿಧಿ). ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು (1287ನೇ ವಿಧಿ). ಬಡವರಿಗೆಂದು ಬಂದ ಹಣದಲ್ಲಿ ಧ್ವನಿವರ್ಧಕದ ಬಾಡಿಗೆ ಕಟ್ಟಿ "ಆಮೇಲೆ ಸರಿ ಮಾಡೋಣ" ಎನ್ನುವಂತಿಲ್ಲ. ಪೆಟ್ಟಿಗೆಯನ್ನು ಇಬ್ಬರು ಸೇರಿ ತೆರೆಯಲಿ, ಇಬ್ಬರೂ ಸಹಿ ಹಾಕಲಿ, ಆ ಇಬ್ಬರು ಒಂದೇ ಮನೆಯವರಾಗಿರದಿರಲಿ.

ಸಾಮಾನು ಕೊಡುವುದೋ ಹಣ ಕೊಡುವುದೋ? ನನ್ನ ಕೈಯಲ್ಲಿ ಇದ್ದಿದ್ದರೆ ಹೆಚ್ಚು ಪಾಲು ಹಣವಾಗಿ ಅಥವಾ ಅಂಗಡಿಯ ಕೂಪನ್ನಾಗಿ ಕೊಡುತ್ತಿದ್ದೆ. ದುಡ್ಡು ಕೊಟ್ಟರೆ ಪೋಲು ಮಾಡುತ್ತಾರೆ ಎಂಬ ಆಕ್ಷೇಪ ಪ್ರತಿ ಸಭೆಯಲ್ಲೂ ಏಳುತ್ತದೆ. ಹಾಗೆ ಮಾಡುವವರೂ ಇರಬಹುದು, ಆದರೆ ಮನೆಯ ಔಷಧಿಯ ಬಾಕಿ ಎಷ್ಟೆಂದು ಆ ಮನೆಯಾಕೆಗೆ ಗೊತ್ತಿರುವಷ್ಟು ಸಮಿತಿಗೆ ಗೊತ್ತಿರುವುದಿಲ್ಲ.

ಕೊಡುವ ರೀತಿ

ವೇದಿಕೆ ಬೇಡ, ಸರತಿ ಸಾಲು ಬೇಡ, ಬಲಿಪೂಜೆಯ ಕೊನೆಗೆ ಹೆಸರು ಕೂಗುವುದಂತೂ ಬೇಡವೇ ಬೇಡ. ಫೋಟೋ ಬೇಕೇ ಬೇಕೆಂದರೆ ವಿಂಗಡಿಸುತ್ತಿರುವ ಸ್ವಯಂಸೇವಕರದ್ದು ತೆಗೆಯಿರಿ. ಬಲಗೈ ಮಾಡುವುದು ಎಡಗೈಗೆ ತಿಳಿಯದಿರಲಿ ಎಂದವರ (ಮತ್ತಾಯ 6:3) ಹುಟ್ಟುಹಬ್ಬ ಇದು.

ಮಕ್ಕಳ ಉಡುಗೊರೆಯ ಬಗ್ಗೆ ಒಂದು ಸೂಕ್ಷ್ಮ. ಸಾಂತಾ ವೇಷ ಹಾಕಿ ಮನೆಗೆ ನುಗ್ಗಿ ಮಗುವಿನ ಕೈಗೆ ನೇರ ಕೊಟ್ಟರೆ ಮಗು ಕುಣಿಯುತ್ತದೆ, ನಿಜ. ಬಾಗಿಲ ಪಕ್ಕದಲ್ಲಿ ನಿಂತ ಅಪ್ಪನ ಮುಖವನ್ನು ಒಮ್ಮೆ ನೋಡಿ. ತಾನು ಕೊಡಿಸಲಾಗದ್ದನ್ನು ಹೊರಗಿನವರು ಬಂದು, ತನ್ನೆದುರಿಗೇ, ತನ್ನ ಮಗುವಿಗೆ ಕೊಡುತ್ತಿದ್ದಾರೆ. ಅದರ ಬದಲು ಡಿಸೆಂಬರ್ 22ರೊಳಗೆ, ಮಕ್ಕಳು ಮನೆಯಲ್ಲಿ ಇಲ್ಲದ ಹೊತ್ತು ಕೇಳಿಕೊಂಡು, ಆಟಿಕೆಯನ್ನು ಸುತ್ತದೆ ಹಾಗೇ ಅಪ್ಪ ಅಮ್ಮನ ಕೈಗೆ ಕೊಡಿ. ಜೊತೆಗೆ ಬಣ್ಣದ ಕಾಗದ, ಅಂಟುಪಟ್ಟಿ, ರಿಬ್ಬನ್. ಸುತ್ತುವುದು ಅವರೇ, ಹೆಸರು ಬರೆಯುವುದು ಅವರೇ, ಕೊಡುವುದೂ ಅವರೇ. ಧರ್ಮಕೇಂದ್ರದ ಹೆಸರು ಆ ಮಗುವಿಗೆ ಎಂದೂ ತಿಳಿಯದಿದ್ದರೆ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ.

ಗೋದಲಿ

1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಮಾಡಿಸಿದ ಗೋದಲಿಯಲ್ಲಿ ಗೊಂಬೆಗಳಿರಲಿಲ್ಲ. ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ, ಅಷ್ಟೇ. ತೊಟ್ಟಿಯ ಮೇಲೆ ಬಲಿಪೂಜೆ ನಡೆಯಿತು. (ಎತ್ತು, ಕತ್ತೆ ಲೂಕನ ಶುಭಸಂದೇಶದಲ್ಲಿ ಇಲ್ಲ. ಅವು ಯೆಶಾಯನ ಪುಸ್ತಕದ ಮೊದಲ ಅಧ್ಯಾಯದಿಂದ ಬಂದವು.) ಅದೇ ಫ್ರಾನ್ಸಿಸರು ಕ್ರಿಸ್ಮಸ್ ದಿನ ಉಳ್ಳವರು ಬಡವರಿಗೆ ಹೊಟ್ಟೆತುಂಬ ಉಣಬಡಿಸಬೇಕು, ಎತ್ತು ಕತ್ತೆಗಳಿಗೂ ಎಂದಿಗಿಂತ ಹೆಚ್ಚು ಮೇವು ಸಿಗಬೇಕು ಎಂದು ಬಯಸಿದ್ದರೆಂದು ಅವರ ಜೀವನಚರಿತ್ರೆ ಬರೆದ ಚೆಲಾನೊದ ತೋಮಸ್ ಹೇಳುತ್ತಾರೆ. ಗೋದಲಿ ಸ್ಪರ್ಧೆಗೆ ತೀರ್ಪು ಕೊಡುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಕಟ್ಟುವವರಿಗೆ ಕೆಲವು ಮಾತು. ಬಾಲಯೇಸುವಿನ ತೊಟ್ಟಿಲನ್ನು 24ರ ರಾತ್ರಿಯವರೆಗೆ ಖಾಲಿ ಬಿಡಿ. ಪಕ್ಕದಲ್ಲಿ ಒಣಹುಲ್ಲಿನ ಬುಟ್ಟಿ ಇಟ್ಟು, ಆ ದಿನ ಯಾರಿಗಾದರೂ ಒಂದು ಉಪಕಾರ ಮಾಡಿದ ಮಗು ಒಂದು ಎಳೆ ತಂದು ತೊಟ್ಟಿಲಿಗೆ ಹಾಕಲಿ. ಹುಲ್ಲು ಮತ್ತು ದೀಪದ ಸರ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಬೆಚ್ಚಗಾಗದ ಎಲ್‌ಇಡಿ ದೀಪಗಳೇ ಸರಿ. ವೈರಿನ ಜೋಡಣೆ ಹುಲ್ಲಿನಡಿ ಇರದಿರಲಿ, ರಾತ್ರಿ ದೇವಾಲಯ ಮುಚ್ಚುವವರು ಪ್ಲಗ್ಗನ್ನೇ ಕಿತ್ತು ಹೋಗಲಿ. ಗೋದಲಿಯ ಮುಂದೆ ಮೇಣದಬತ್ತಿ ಬೇಡ.

ಕ್ಯಾರಲ್ ತಂಡ

ಸಾಮಾನ್ಯವಾಗಿ ದೊಡ್ಡ ಮನೆಗಳಿಂದ ಶುರುವಾಗಿ ದಣಿದ ಮೇಲೆ ಉಳಿದವರ ಕಡೆ ತಂಡ ತಿರುಗುತ್ತದೆ. ತಿರುವುಮುರುವು ಮಾಡಿ: ಹಾಸಿಗೆ ಹಿಡಿದವರ ಮನೆ, ವೃದ್ಧಾಶ್ರಮ, ಆಸ್ಪತ್ರೆಯ ವಾರ್ಡು ಮೊದಲು. ಸಾವು ಕಂಡ ಮನೆಗೆ ಹೋಗುವ ಮುನ್ನ ಒಂದು ಮಾತು ಕೇಳಿ. ಬೇಡವೆಂದರೆ ಬಾಜಾಬಜಂತ್ರಿ ಇಲ್ಲದೆ ಇಬ್ಬರೇ ಹೋಗಿ ಒಂದು ಪ್ರಾರ್ಥನೆ ಹೇಳಿ ಬನ್ನಿ. ಆಸ್ಪತ್ರೆಗೆ ಅನುಮತಿ ಪಡೆದೇ ಹೋಗಬೇಕು. ಕೆಮ್ಮು ನೆಗಡಿ ಇರುವವರು ಅಂದು ಹಾಡದಿರಲಿ. ಮಕ್ಕಳಿರುವ ತಂಡದಲ್ಲಿ ಕನಿಷ್ಠ ಇಬ್ಬರು ದೊಡ್ಡವರು ಬೇಕು, ಯಾವ ಮಗು ಯಾವಾಗ ಯಾರ ಜೊತೆ ಮನೆಗೆ ಹೋಯಿತೆಂಬ ಗುರುತೂ ಬೇಕು. ಕಾಣಿಕೆ ಡಬ್ಬಿಗೆ ಸೀಲು ಇರಲಿ, ಹಣ ಯಾವುದಕ್ಕೆಂದು ಅದರ ಮೇಲೇ ಬರೆದಿರಲಿ. ಪಟ್ಟಿಯಲ್ಲಿರುವ ಮನೆಗಳ ಮುಂದೆ ಡಬ್ಬಿ ಅಲುಗಾಡಿಸಬೇಡಿ.

24, 25ರ ಬಲಿಪೂಜೆಗಳು

ಕ್ರಿಸ್ಮಸ್ಸಿಗೆ ನಾಲ್ಕು ಬೇರೆ ಬೇರೆ ಬಲಿಪೂಜೆಗಳಿವೆ: 24ರ ಸಂಜೆಯ ಜಾಗರಣೆಯದ್ದು, ರಾತ್ರಿಯದ್ದು, ಮುಂಜಾವಿನದ್ದು, ಹಗಲಿನದ್ದು. ಸಂಜೆಯದರಲ್ಲಿ ಯೇಸುವಿನ ವಂಶಾವಳಿ ಬರುತ್ತದೆ. ಶುಭಸಂದೇಶ ಓದುವವರು ಆ ಹೆಸರುಗಳನ್ನು ಮುಂಚೆಯೇ ಬಾಯಿಗೆ ಹೊಂದಿಸಿಕೊಂಡಿರಲಿ. ಆಗಮನ ಕಾಲದ ಭಾನುವಾರಗಳಲ್ಲಿ ಬಿಟ್ಟಿದ್ದ ಮಹಿಮಾಗೀತೆ (ಗ್ಲೋರಿಯಾ ಸ್ತುತಿಗೀತೆ) ಇಲ್ಲಿ ಮರಳಿ ಬರುವುದರಿಂದ ಗಾನವೃಂದ ಅದಕ್ಕೆ ವಿಶೇಷ ತಯಾರಿ ಮಾಡಬೇಕು. 24 ಭಾನುವಾರವಾದ ವರ್ಷ ಭಾನುವಾರದ ಬಲಿಪೂಜೆ ಬೇರೆ, ಕ್ರಿಸ್ಮಸ್ಸಿನದ್ದು ಬೇರೆ ಎಂದು ಹಿಂದಿನ ವಾರವೇ ಪ್ರಕಟಣೆಯಲ್ಲಿ ಹೇಳಿ.

ಪಾಪನಿವೇದನೆಗೆ 24ರ ಸಂಜೆಯನ್ನೇ ನೆಚ್ಚಿಕೊಂಡರೆ ಸಾಲು ಕರಗುವುದಿಲ್ಲ. ನೆರೆಯ ಧರ್ಮಕೇಂದ್ರಗಳ ಗುರುಗಳನ್ನು ಕರೆಸಿ ಮೂರನೇ ಭಾನುವಾರದ ಆಸುಪಾಸು ಒಂದು ಸಂಜೆ ಇಡಿ. ಮನೆಯಲ್ಲೇ ಇರುವ ರೋಗಿಗಳಿಗೆ ಪರಮಪ್ರಸಾದ ಒಯ್ಯುವವರ ಪಟ್ಟಿ 20ರೊಳಗೆ ಸಿದ್ಧವಾಗಲಿ. ಗಾಡಿ ಇರುವವರನ್ನು ಗೊತ್ತುಮಾಡಿ, ನಡೆಯಲಾಗದವರನ್ನು ಕರೆತಂದು ವಾಪಸು ಬಿಡುವ ವ್ಯವಸ್ಥೆ ಇರಲಿ. ಮುಂದಿನ ಎರಡು ಸಾಲು ಅವರಿಗೆ.

ವರ್ಷಕ್ಕೊಮ್ಮೆ ಮಾತ್ರ ದೇವಾಲಯಕ್ಕೆ ಬರುವವರೂ ಅಂದು ಬರುತ್ತಾರೆ. ಬಾಗಿಲಲ್ಲಿ ನಿಂತವರು "ಏನು ಅಪರೂಪ!" ಎಂದು ಕುಟುಕದಿದ್ದರೆ ಅದೇ ದೊಡ್ಡ ಸ್ವಾಗತ.

26ರ ನಂತರ

ಹೆಚ್ಚಿನ ಕಡೆ 26ಕ್ಕೆ ಎಲ್ಲರೂ ಕೈತೊಳೆದುಕೊಂಡಿರುತ್ತಾರೆ. ಕ್ರಿಸ್ತಜಯಂತಿಯ ಕಾಲ ಮುಗಿಯುವುದು ಮಾತ್ರ ಜನವರಿಯಲ್ಲಿ, ಪ್ರಭುವಿನ ಜ್ಞಾನಸ್ನಾನದ ಹಬ್ಬದಂದು. 26 ಸಂತ ಸ್ಟೀಫನ್ನರ ಹಬ್ಬ. ವಿಧವೆಯರ ಹಂಚಿಕೆಗೆಂದು ಆರಿಸಿದ ಆ ಏಳು ಜನರಲ್ಲಿ ಮೊದಲ ಹೆಸರು ಅವರದ್ದೇ. ಸ್ವಯಂಸೇವಕರನ್ನೆಲ್ಲ ಸೇರಿಸಿ ಊಟ ಹಾಕಲು ಇದಕ್ಕಿಂತ ಒಳ್ಳೆಯ ದಿನ ಸಿಗದು. ಜನವರಿ 1 ದೇವಮಾತೆಯ ಮಹೋತ್ಸವ, 1968ರಿಂದ ವಿಶ್ವ ಶಾಂತಿ ದಿನವೂ ಹೌದು. ಮಾತು ಬಿಟ್ಟ ಎರಡು ಮನೆಗಳ ನಡುವೆ ಗುರುಗಳು ಓಡಾಡಲು ಆ ದಿನ ಒಂದು ನೆಪ. ಜ್ಞಾನಿಗಳು ಕಾಣಿಕೆ ತಂದ ಪ್ರತ್ಯಕ್ಷತೆಯ ಹಬ್ಬವನ್ನು ಮಕ್ಕಳ ಕೈಗೇ ಬಿಡಿ. ಮಕ್ಕಳೇ ಮಕ್ಕಳಿಗೆ ನೆರವಾಗುವ ಪರಿಪಾಠ 1843ರಲ್ಲಿ ಫ್ರಾನ್ಸಿನ ನಾನ್ಸಿಯ ಧರ್ಮಾಧ್ಯಕ್ಷ ಫೋರ್ಬಿನ್-ಜಾನ್ಸನ್ ಶುರು ಮಾಡಿದ ಪವಿತ್ರ ಬಾಲ್ಯ ಸಂಘದಿಂದ ನಡೆದುಬಂದಿದೆ. ಈ ಹಬ್ಬದ ಆಸುಪಾಸು ಅನೇಕ ಕಡೆ ಅದಕ್ಕೆಂದೇ ಕಾಣಿಕೆ ಎತ್ತುತ್ತಾರೆ.

ಸಂಗ್ರಹದ ಮೂರನೇ ಒಂದು ಪಾಲನ್ನಾದರೂ ಡಿಸೆಂಬರಿನಲ್ಲಿ ಮುಟ್ಟದೆ ಜನವರಿ, ಫೆಬ್ರವರಿಗೆ ಎತ್ತಿಡಿ. ಹಬ್ಬದ ವಾರದಲ್ಲಿ ಕೊಡುವ ಕೈ ಹತ್ತು. ಬಾಡಿಗೆ, ಶುಲ್ಕ, ಔಷಧಿಯ ಚೀಟಿ ಬರುವ ತಿಂಗಳಲ್ಲಿ ಒಂದೂ ಇರುವುದಿಲ್ಲ. ಮನೆಭೇಟಿ ಮಾಡಿದ ಆ ಇಬ್ಬರೇ ಫೆಬ್ರವರಿಯಲ್ಲಿ ಇನ್ನೊಮ್ಮೆ ಹೋಗಿ ಬರಲಿ.

ಲೆಕ್ಕವನ್ನು ಜ್ಞಾನಸ್ನಾನದ ಹಬ್ಬದ ಭಾನುವಾರ ಸೂಚನಾ ಫಲಕಕ್ಕೆ ಹಾಕಿ: ಬಂದದ್ದು, ಹೋದದ್ದು, ಉಳಿದದ್ದು, ಎಷ್ಟು ಕುಟುಂಬ. ಹೆಸರುಗಳು ಬೇಡ, ಕೊಟ್ಟವರದ್ದೂ ಪಡೆದವರದ್ದೂ. ಗೋದಲಿ ಬಿಚ್ಚುವಾಗ ಕೆಟ್ಟ ದೀಪದ ಸರಗಳನ್ನು ಅಂದೇ ಎಸೆಯಿರಿ, ಗೊಂಬೆಗಳನ್ನು ಒಣಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಮೇಲೆ ಒಳಗೇನಿದೆ ಎಂದು ಬರೆಯಿರಿ. ಹುಲ್ಲನ್ನು ಹಸು ಸಾಕಿದವರಿಗೆ ಕೊಟ್ಟುಬಿಡಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಮುಂದಿನ ಸಲ ಏನು ಮೊದಲೇ ಶುರುವಾಗಬೇಕು, ಯಾವ ಸಾಮಾನು ಯಾರಿಗೂ ಬೇಡವಾಯಿತು, ಪಟ್ಟಿಯಿಂದ ಯಾರು ತಪ್ಪಿಹೋಗಿದ್ದರು ಎಂದು ಬರೆದು ಪುಸ್ತಕವನ್ನು ಗುರುಗಳಿಗೆ ಒಪ್ಪಿಸಿ. ಅವರಿಗೆ ವರ್ಗವಾದರೂ ಪುಸ್ತಕ ಧರ್ಮಕೇಂದ್ರದ ಬೀರುವಿನಲ್ಲೇ ಉಳಿಯಬೇಕು.